ಗಾದಿ ಮೇಷ್ಟ್ರ ಗುಂಡಿ ಮತ್ತು ಕಡಲೆಕಾಳಿನಷ್ಟು ಮುಲಾಮು

ಗಾದಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕುರ್ಚಿ, ಸೋಫಾಗಳಿಗೆ ಗಾದಿ ಕೂರಿಸುವುದು ಅವರ ಕಸುಬು. ಅವರು ಮಾತಿಗೆ ಶುರುವಿಟ್ಟರೆ ಎದುರಿಗಿದ್ದವನು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಅದಕ್ಕೇ ಬೀದಿಯವರು ಗಾದಿಗೆ ‘ಮೇಷ್ಟ್ರು’ ಅಂಟಿಸಿದರು. ಅವರು ಅದನ್ನು ಬಿರುದೆಂದು ತಿಳಿದು ಅಂಗಡಿಯ ಬೋರ್ಡಿನ ಮೇಲೂ ಬರೆಸಿಬಿಟ್ಟರು. ಬೀದಿಗೆ ಇದ್ದ ಒಂದೇ ಸಮಾಧಾನವೆಂದರೆ ಕೆಲಸದ ಹೊತ್ತಿನಲ್ಲಿ ಅವರ ಬಾಯಿ ತುಂಬ ಸಣ್ಣ ಮೊಳೆಗಳಿರುತ್ತಿದ್ದವು. ತುಟಿಯ ಸಂದಿಯಿಂದ ಒಂದೊಂದೇ ಮೊಳೆ ಎಳೆದು ಪಟಪಟ ಹೊಡೆಯುತ್ತ ಹೋಗುವರು. ಮೊಳೆಗಳನ್ನೆಲ್ಲ ಒಮ್ಮೆಲೇ ಅಂಗೈಗೆ ಉಗುಳಿಕೊಂಡರೆಂದರೆ ತಿಳಿದವರು ಚಪ್ಪಲಿ ಹುಡುಕತೊಡಗುತ್ತಿದ್ದರು.

ಅಂಗಡಿಗೆ ಎರಡು ಕಾನೂನುಗಳಿದ್ದವು. ಮೊದಲನೆಯದು, ಪ್ರತಿ ಗಾದಿಯ ನಟ್ಟನಡುವೆ ಬಟ್ಟೆ ಹೊದಿಸಿದ ಒಂದು ಗುಂಡಿ. ಗಟ್ಟಿ ದಾರದಿಂದ ಅದನ್ನು ಕೆಳಕ್ಕೆ ಜಗ್ಗಿ ಕಟ್ಟಿದರೆ ಒಳಗಿನ ನಾರು ಅತ್ತಿತ್ತ ಸರಿಯುವುದಿಲ್ಲ ಎಂಬುದೇನೋ ನಿಜ. ಆದರೆ ಮೇಷ್ಟ್ರ ಪಾಲಿಗೆ ಅದು ಮುದ್ರೆ. “ಗುಂಡಿ ಇಲ್ಲದ ಗಾದಿ, ಮೂಗಿಲ್ಲದ ಮುಖ” ಎನ್ನುವರು.

ಎರಡನೆಯದು, ಅವರು ಕೂತು ನೋಡದ ಕುರ್ಚಿ ಹೊಸ್ತಿಲು ದಾಟಕೂಡದು. ಕೂರುವುದೆಂದರೆ ನಾವು ನೀವು ಧೊಪ್ಪನೆ ಕೂರುವ ಹಾಗಲ್ಲ. ಮೊದಲು ಪ್ಯಾಂಟಿನ ಜೇಬುಗಳನ್ನು ಖಾಲಿ ಮಾಡುವರು. ಕುರ್ಚಿಗೆ ಬೆನ್ನು ಮಾಡಿ ನಿಂತು, ಕಣ್ಣು ಮುಚ್ಚಿ, ನಿಧಾನವಾಗಿ ಇಳಿಯುವರು. ಸ್ವಲ್ಪ ಎಡಕ್ಕೆ ವಾಲಿ, ಉಸಿರು ಬಿಗಿಹಿಡಿದು, ಯಾವುದೋ ದೂರದ ಸದ್ದನ್ನು ಆಲಿಸುವವರಂತೆ ಮುಖ ಮಾಡುವರು. ಆಮೇಲೆ ಬರುವುದು ಒಂದೇ ಮಾತು. ‘ಹೋಗಲಿ’ ಎಂದರೆ ಕುರ್ಚಿ ಗಿರಾಕಿಯ ಮನೆಗೆ. ‘ಬಿಚ್ಚು’ ಎಂದರೆ ಮೊದಲಿನಿಂದ ಕೆಲಸ. ಎಡಕ್ಕೆ ವಾಲುವ ಆ ಭಂಗಿ ಬೀದಿಯಲ್ಲೆಲ್ಲ ಹೆಸರುವಾಸಿಯಾಗಿತ್ತು. ಪಕ್ಕದ ಕನ್ನಡಕದಂಗಡಿಯವನು ಹೊಸ ಗಿರಾಕಿಗಳಿಗೆ, “ನೋಡಿ, ಈಗ ವಾಲ್ತಾರೆ ನೋಡಿ” ಎಂದು ತೋರಿಸುತ್ತಿದ್ದ.

ಬಿಚ್ಚುವ ಕೆಲಸವೆಲ್ಲ ಮಗಳದು. ಪಟ್ಟಿ ಬಿಗಿಯುವುದು, ಸ್ಪ್ರಿಂಗು ಕಟ್ಟುವುದು, ನಾರು ಹರವುವುದು, ಬಟ್ಟೆ ಕತ್ತರಿಸುವುದು, ಹೊಲಿಯುವುದು ಎಲ್ಲ ಅವಳೇ. ಕೈ ಅಪ್ಪನದು, ನಾಲಿಗೆ ಅಮ್ಮನದು.

“ಒಂದ್ಸಲ ನಾನು ಕೂತು ನೋಡ್ಲಾ ಅಪ್ಪ?”

“ಕೂರೋದು ಕೈಕೆಲಸ ಅಲ್ಲಮ್ಮ. ಅದಕ್ಕೆ ಆಸನ ಪಳಗಿರಬೇಕು.”

“ನಂದೇನು ಬಾಡಿಗೆಗೆ ತಂದಿದ್ದಾ?”

ಮೇಷ್ಟ್ರು ಬಾಯಿಗೆ ಮೊಳೆ ತುಂಬಿಕೊಳ್ಳುವರು.

ಬೀದಿಗೆ ತಿಳಿಯದ ಸಂಗತಿಯೆಂದರೆ, ಆ ಪಳಗಿದ ಆಸನಕ್ಕೆ ಬಹಳ ಕಾಲದಿಂದ ಮೂಲವ್ಯಾಧಿ ಹಿಡಿದಿತ್ತು. ಎಡಕ್ಕೆ ವಾಲುತ್ತಿದ್ದುದು ಬಲಕ್ಕೆ ನೋಯುತ್ತಿದ್ದುದರಿಂದ. ಉಸಿರು ಬಿಗಿಹಿಡಿಯುತ್ತಿದ್ದುದೂ ಅದಕ್ಕೇ. ಕೊನೆಗೆ ವಾಲಲು ಎಡವೂ ಉಳಿಯದೆ, ಒಂದು ಬೆಳಿಗ್ಗೆ ಪಾಯಿಖಾನೆಯಿಂದ ಗೋಡೆ ಹಿಡಿದುಕೊಂಡು ಹೊರಬಂದಾಗ, ಹೆಂಡತಿ ಕೊಡೆ ಕೈಗಿತ್ತು ಆಸ್ಪತ್ರೆಗೆ ಹೊರಡಿಸಿದಳು.

ಆಸ್ಪತ್ರೆಯೆಂದರೆ ಈ ಒಂದು ಕಾಯಿಲೆಯನ್ನಷ್ಟೇ ನೋಡುವ ಡಾಕ್ಟರಮ್ಮನದು. ಕಾಯುವ ಕೊಠಡಿಯಲ್ಲಿ ತೂತುತೂತಿನ ಕಬ್ಬಿಣದ ಕುರ್ಚಿಗಳಿದ್ದವು. ರೋಗಿಗಳೆಲ್ಲ ಗೋಡೆಗಾತು ನಿಂತಿದ್ದರು. ಇದನ್ನು ನೋಡಿ ಮೇಷ್ಟ್ರಿಗೆ ತಮ್ಮ ನೋವೇ ಮರೆತುಹೋಯಿತು. ಒಳಗೆ ಪರೀಕ್ಷೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಸಿದಾಗಲೂ ಗೋಡೆಗೇ ಭಾಷಣ ಶುರುಮಾಡಿದರು.

“ಡಾಕ್ಟರಮ್ಮ, ನಿಮ್ಮಲ್ಲಿಗೆ ಬರೋರು ಎಂಥವರು? ಕೂರಕ್ಕಾಗದೆ ಬರೋರು. ಅವರನ್ನ ಕಬ್ಬಿಣದ ಜಾಲರಿ ಮೇಲೆ ಕೂರಿಸ್ತೀರಲ್ಲ, ಇದೇನು ಆಸ್ಪತ್ರೆನೋ, ಮೀನು ಸುಡೋ ಒಲೆನೋ?”

“ಉಸಿರು ಬಿಡಿ.”

“ನಾನು ಹೇಳೋದೇನಂದ್ರೆ...”

“ಉಸಿರು ಬಿಡಿ ಅಂದೆ. ಭಾಷಣ ಬಿಗೀರಿ ಅನ್ನಲಿಲ್ಲ.”

ಪರೀಕ್ಷೆ ಮುಗಿಸಿ ಕೈತೊಳೆದುಕೊಂಡು ಡಾಕ್ಟರಮ್ಮ ಎರಡು ಮಾತು ಹೇಳಿದರು. ಒಂದು, ಆಪರೇಷನ್ ಆಗಲೇಬೇಕು. ಎರಡು, “ಹೊಸ ಕೊಠಡಿ ಕಟ್ಟಿಸ್ತಾ ಇದೀನಿ. ಕುರ್ಚಿ ನೀವೇ ಮಾಡಿಕೊಡಿ. ಕೊಠಡಿ ತೆರೆದ ದಿನ ಅದರಲ್ಲಿ ಕೂತವರು ಯಾರಾದ್ರೂ ‘ಅಮ್ಮಾ’ ಅಂದ್ರೆ, ನಾನಲ್ಲ, ನೀವು ಬಂದು ಉತ್ತರ ಕೊಡಬೇಕು.”

ಮೇಷ್ಟ್ರು ಎದೆಯುಬ್ಬಿಸಿ ಒಪ್ಪಿಕೊಂಡರು. ಆ ಹೊತ್ತಿನಲ್ಲಿ ಉಬ್ಬಿಸಬಹುದಾಗಿದ್ದುದು ಎದೆಯೊಂದೇ.

ಬೀದಿಗೆ ಮಾತ್ರ ‘ಬೆನ್ನಿನ ಆಪರೇಷನ್’ ಎಂದು ಹೇಳಲಾಯಿತು. ಆಸನದ ಮೇಲೆ ಹೆಸರು ಕಟ್ಟಿಕೊಂಡವರು ಆ ಆಸನವೇ ಕೆಟ್ಟಿದೆ ಎಂದು ಹೇಗೆ ಹೇಳಿಕೊಂಡಾರು? ಕಣ್ಣು ಕಾಣದ ಕನ್ನಡಕದವನ ಹತ್ತಿರ ಯಾರು ಹೋಗುತ್ತಾರೆ?

ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಒಂದು ಮುಲಾಮಿನ ಟ್ಯೂಬು ಕೊಟ್ಟು ವಿವರಿಸಿದರು. “ಉಗುರುಬೆಚ್ಚಗಿನ ನೀರಿನ ಟಬ್ಬಲ್ಲಿ ಸ್ವಲ್ಪ ಹೊತ್ತು ಕೂತೇಳಿ. ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಆಮೇಲೆ ಇದು, ಕಡಲೆಕಾಳಿನಷ್ಟು, ಹೊರಗಡೆ ಮಾತ್ರ, ನಾನು ಬರೆದಷ್ಟು ಸಲ. ಆ ಜಾಗ ಜೋಮು ಹಿಡಿಯುತ್ತೆ. ಇದು ಗಾಯ ವಾಸಿ ಮಾಡೋ ಔಷಧಿ ಅಲ್ಲ, ನೋವು ಮರೆಸೋ ಔಷಧಿ. ನೋವು ಮರೀತು ಅಂತ ನೀವು ಗಾಯಾನ ಮರೀಬೇಡಿ.”

ಮೇಷ್ಟ್ರು ಟ್ಯೂಬನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದರು. ಮನೆಗೆ ಬಂದು ಕಪಾಟಿನ ಮೇಲೆಸೆದರು.

“ನುಂಗೋದು ಔಷಧಿ ಕಣೇ. ಹಚ್ಚೋದು ಬಾಗಿಲಿನ ಕೀಲಿಗೆ. ನನ್ನಂಥವನು ಕನ್ನಡಿ ಇಟ್ಕೊಂಡು, ಬಗ್ಗಿ, ಅಲ್ಲಿಗೆಲ್ಲ ಬೆರಳು... ಛೆ!”

“ನಿಮ್ಮಂಥವರಿಗೂ ಅದು ಅಲ್ಲೇ ಇರೋದು ರೀ” ಎಂದಳು ಹೆಂಡತಿ. “ಹಣೇಲಿ ಇದ್ದಿದ್ರೆ ನಾನೇ ಹಚ್ತಿದ್ದೆ.”

ಆ ಪ್ರತಿಜ್ಞೆ ಆಪರೇಷನ್ನಿನ ನಂತರದ ಮೊದಲ ಪಾಯಿಖಾನೆಯವರೆಗೆ ಬಾಳಿತು. ಮುಚ್ಚಿದ ಬಾಗಿಲಿನ ಹಿಂದಿನಿಂದ ಮೊದಲು ಸತ್ತ ತಾಯಿಯನ್ನು ಕರೆದ ಕೂಗು, ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಏ ಇವಳೇ... ಆ ಟ್ಯೂಬು ಎಲ್ಲಿ ಬಿತ್ತು ನೋಡು.”

ಟಬ್ಬಿನ ಬೆಚ್ಚನೆಯ ನೀರು, ಮೆತ್ತಗಿನ ಬಟ್ಟೆ, ಕಡಲೆಕಾಳಿನಷ್ಟು ಮುಲಾಮು. ಮೊದಲು ತಣ್ಣಗಾಯಿತು. ಚುರುಚುರು ಎಂದಿತು. ಬಳಿಕ, ಜಗಳಗಂಟ ನೆಂಟರು ಊರಿಗೆ ಹೊರಟುಹೋದ ಮೇಲೆ ಮನೆಯಲ್ಲಿ ಇಳಿಯುವಂಥ ನಿಶ್ಶಬ್ದ. ಮೇಷ್ಟ್ರು ಹೊಟ್ಟೆಯಡಿ ದಿಂಬಿಟ್ಟು ಮಲಗಿ ಕಣ್ಣುಜ್ಜಿಕೊಂಡರು. ಅಂದಿನಿಂದ ಅವರಷ್ಟು ದೊಡ್ಡ ಮುಲಾಮುಭಕ್ತ ಇನ್ನೊಬ್ಬನಿರಲಿಲ್ಲ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುವರು, ತಾವೇ ಕಂಡುಹಿಡಿದವರಂತೆ.

ಆದರೆ ನೋವು ಮಲಗಿದರೂ ಮನಸ್ಸು ಮಲಗಲಿಲ್ಲ. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಹಾಸಿಗೆಗೆ. ಅಂಗಡಿಯಲ್ಲಿ ಡಾಕ್ಟರಮ್ಮನ ಕುರ್ಚಿಗಳು ಬಹುತೇಕ ಸಿದ್ಧವಾಗಿ ಸಾಲಾಗಿ ನಿಂತಿವೆ. ಕೊಠಡಿ ತೆರೆಯುವ ದಿನ ಹತ್ತಿರವಾಗಿದೆ. ಇವರು ಕೂರದೆ ಅವು ಹೊರಡುವ ಹಾಗಿಲ್ಲ. ಇವರು ಕೂರುವ ಹಾಗೇ ಇಲ್ಲ. ಇವರಿಲ್ಲದೆ ಅವು ಹೋಗಿಬಿಟ್ಟರೆ? ಹೋಗಿ, ಯಾರೂ ‘ಅಮ್ಮಾ’ ಎನ್ನದೆ ಸುಖವಾಗಿ ಕೂತುಬಿಟ್ಟರೆ? ಮೇಷ್ಟ್ರನ್ನು ಹೆಚ್ಚು ಹೆದರಿಸಿದ್ದು ಆ ಎರಡನೆಯ ಯೋಚನೆ.

ತಡೆಯಲಾರದೆ ಕಾಲಗಲಿಸಿ ನಡೆಯುತ್ತ ಅಂಗಡಿಗೆ ಹೊರಟರೆ ದಾರಿಯಲ್ಲಿ ಕನ್ನಡಕದಂಗಡಿಯವನು ಹಿಡಿದ.

“ಬೆನ್ನು ಹೇಗಿದೆ ಮೇಷ್ಟ್ರೇ? ಅಯ್ಯೋ, ನಿಂತಿದೀರಲ್ಲ! ಬೆನ್ನಿಗೆ ಗಟ್ಟಿ ಜಾಗವೇ ಒಳ್ಳೇದು. ಬನ್ನಿ ಬನ್ನಿ.” ಮರದ ಸ್ಟೂಲನ್ನೆಳೆದು ಭುಜ ಒತ್ತಿ ಕೂರಿಸಿಯೇ ಬಿಟ್ಟ.

ಹೇಳಿದ ಸುಳ್ಳಿಗೆ ಮರ್ಯಾದೆ ಕೊಡಲೇಬೇಕು. ಮೇಷ್ಟ್ರು ಕೂತರು. ಕಣ್ಣಲ್ಲಿ ನೀರು ತುಂಬಿತು.

“ನೋಡಿ, ಎಷ್ಟು ಹಾಯೆನಿಸ್ತು ನಿಮಗೆ!” ಎಂದು ಅವನು ಬೀಗಿದ. ತಾನು ಮಾತ್ರ ಕೂರಲಿಲ್ಲ. ಆತ ಈಚೆಗೆ ನಿಂತೇ ವ್ಯಾಪಾರ ಮಾಡುತ್ತಿದ್ದ. ಅದು ಗಿರಾಕಿಗಳ ಮೇಲಿನ ಗೌರವವೆಂದು ಬೀದಿ ನಂಬಿತ್ತು.

ಅಂಗಡಿಯಲ್ಲಿ ಮಗಳು ಕೊನೆಯ ಕುರ್ಚಿಗೆ ಕೆಲಸ ಮಾಡುತ್ತಿದ್ದಳು. ಮೇಷ್ಟ್ರು ಗುಂಡಿಗಳ ಸಾಲನ್ನು ನೋಡಿ ಸ್ವಲ್ಪ ಚೇತರಿಸಿಕೊಂಡರು.

“ಅಪ್ಪ, ಈಗಲೂ ಹೇಳ್ತೀನಿ. ಆಸ್ಪತ್ರೆ ಕುರ್ಚಿಗೆ ಗುಂಡಿ ಬೇಡ. ಅಲ್ಲಿಗೆ ಬರೋರಿಗೆ ಅದು ಎಲ್ಲಿ ಒತ್ತುತ್ತೆ ಯೋಚನೆ ಮಾಡು.”

“ಗುಂಡಿ ಒತ್ತಲ್ಲ, ಹಿಡಿಯುತ್ತೆ. ನಾನು ಕೂತು ಹೇಳ್ತೀನಿ, ತಾಳು.”

“ಕೂರ್ತೀಯಾ? ನೀನಾ?”

“ನಾನಲ್ಲದೆ ಇನ್ಯಾರು? ನಾಳೆ ಕೂರ್ತೀನಿ.”

ಮರುದಿನ ಬೆಳಿಗ್ಗೆ ಮೇಷ್ಟ್ರು ಟಬ್ಬಿನಿಂದೆದ್ದು ಬಾಗಿಲು ಹಾಕಿಕೊಂಡರು. ಕಡಲೆಕಾಳಿನಷ್ಟು ಮುಲಾಮು ಮಲಗುವವನಿಗಾದರೆ, ಕೂರುವವನಿಗೆ ಎಷ್ಟು ಬೇಕು? ಅವರು ಲೆಕ್ಕ ಹಾಕಿದ್ದು ಗಾದಿಗೆ ಗೋಂದು ಬಳಿಯುವ ಲೆಕ್ಕದಲ್ಲಿ. ಟ್ಯೂಬು ಚಪ್ಪಟೆಯಾಯಿತು. ಹೆಂಡತಿಗೆ ಕಾಣದಂತೆ ಅದನ್ನು ಜೇಬಿಗಿಳಿಸಿ, ಜಾಗ ಪೂರ್ತಿ ಮರಗಟ್ಟುವವರೆಗೆ ಕಿಟಕಿಯ ಬಳಿ ನಿಂತಿದ್ದು, ನೋವಿನ ಸುಳಿವೇ ಇಲ್ಲವೆಂದಾದ ಮೇಲೆ ರಾಜಠೀವಿಯಿಂದ ಅಂಗಡಿಗೆ ನಡೆದರು.

ಜೇಬು ಖಾಲಿ ಮಾಡಿದರು. ಕಣ್ಣು ಮುಚ್ಚಿದರು. ಇಳಿದರು. ಆಹಾ! ನೋವಿಲ್ಲ, ಉರಿಯಿಲ್ಲ, ಎಡಕ್ಕೆ ವಾಲುವ ಅಗತ್ಯವೂ ಇಲ್ಲ. ಆದರೂ ಹೆಸರಿಗಾಗಿ ಸ್ವಲ್ಪ ವಾಲಿದರು.

“ಹೋಗಲಿ.”

ಮುಂದಿನದು. “ಹೋಗಲಿ.” ಅದರ ಮುಂದಿನದು. “ಹೋಗಲಿ. ನೋಡಿದ್ಯಾ, ಗುಂಡಿ ಇದೆಯೋ ಇಲ್ಲವೋ ಅನ್ನೋದೇ ಗೊತ್ತಾಗಲ್ಲ. ಅದೇ ಕಸುಬು ಅನ್ನೋದು.”

ಮಗಳು ಬೆರಗಾಗಿ ನೋಡಿದಳು. ಸಾಲಿನಲ್ಲಿ ಒಂದಾದರೂ ‘ಬಿಚ್ಚು’ ಅನ್ನದೆ ಅಪ್ಪ ಎದ್ದದ್ದು ಅವಳ ನೆನಪಿನಲ್ಲೇ ಇರಲಿಲ್ಲ. ಮೇಷ್ಟ್ರು ಕೊನೆಯ ಕುರ್ಚಿಗೂ ಇಳಿದು, ಕಣ್ಣು ತೆರೆಯದೆ ತಲೆದೂಗಿದರು.

“ಇದು ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ. ಮೆತ್ತಗೆ, ಸಮವಾಗಿ... ಹೋಗಲಿ!”

“ಅಪ್ಪ, ಅದಿನ್ನೂ ಮುಗಿದಿಲ್ಲ. ಸುಮ್ನೆ ಬಟ್ಟೆ ಹೊದಿಸಿದೀನಿ ಅಷ್ಟೆ. ಮೊಳೆ ಹೊಡೀಬೇಕಿತ್ತು, ಆದ್ರೆ ನನ್ನ ಸುತ್ತಿಗೇನೇ ಕಾಣ್ತಿಲ್ಲ. ನೀನೇನಾದ್ರೂ ನೋಡಿದ್ಯಾ?”

ಮೇಷ್ಟ್ರಿಗೆ ಬೇಕಾಗಿದ್ದುದೇ ಇಂಥದೊಂದು ವಿಷಯ. ಕೂತಲ್ಲಿಂದಲೇ ಆರಂಭಿಸಿದರು. “ಸುತ್ತಿಗೆ ಅಂದ್ರೆ ಏನು? ಕೈಗೆ ಇನ್ನೊಂದು ಬೆರಳಿದ್ದ ಹಾಗೆ. ಬೆರಳನ್ನ ಯಾರಾದ್ರೂ ಎಲ್ಲೋ ಇಟ್ಟು ಮರೀತಾರಾ? ನಮ್ಮ ಕಾಲದಲ್ಲಿ ಸುತ್ತಿಗೆ ಇಡೋ ಜಾಗಕ್ಕೆ ದೀಪ ಇಲ್ಲದೆ ಕೈ ಹೋಗ್ತಿತ್ತು. ನೀನು ಗಾದಿ ಮಾಡ್ತೀನಿ ಅಂತೀಯ, ಸುತ್ತಿಗೆ ಎಲ್ಲಿದೆ ಅಂತ ಗೊತ್ತಿಲ್ಲ!” ಮಗಳು ಮೇಜಿನಡಿ ಬಗ್ಗಿದಳು, ನಾರಿನ ರಾಶಿ ಕೆದಕಿದಳು, ಬಟ್ಟೆಯ ಸುರುಳಿ ಸರಿಸಿದಳು. ಭಾಷಣ ಸಾಗಿತು. ಪಾಪ, ಸಹಾಯ ಮಾಡೋಣವೆಂದು ಮೇಷ್ಟ್ರು ಎದ್ದರು.

ಕುರ್ಚಿಯ ಮೇಲಿನ ಬಟ್ಟೆಯಲ್ಲಿ ಸುತ್ತಿಗೆಯ ಆಕಾರ ಅಚ್ಚೊತ್ತಿದಂತೆ ಎದ್ದು ಕಾಣುತ್ತಿತ್ತು, ಹಿಡಿ ಸಮೇತ.

ಇಬ್ಬರೂ ಅದನ್ನು ನೋಡಿದರು. ಮಗಳಿಗೆ ಮೊದಲು ನಗು ಬಂದು ಅದು ಬಾಯಿಯವರೆಗೆ ಬರುವಷ್ಟರಲ್ಲಿ ಅಪ್ಪನ ಮುಖ ಕಂಡಿತು. ನಗು ಅಲ್ಲೇ ನಿಂತಿತು. ಮೇಷ್ಟ್ರು ಬಟ್ಟೆ ಸರಿಸಿ ಸುತ್ತಿಗೆ ಕೈಗೆತ್ತಿಕೊಂಡರು. ಅದು ಬೆಚ್ಚಗಿತ್ತು.

“ಎಷ್ಟು ಹಚ್ಕೊಂಡಿದೀಯ ಅಪ್ಪ?” ಎಂದಳು ಮೆಲ್ಲಗೆ.

ಜೇಬಿನಿಂದ ತೆಗೆದಿಟ್ಟ ಸಾಮಾನಿನ ನಡುವೆ ಚಪ್ಪಟೆ ಟ್ಯೂಬು ಬಿದ್ದಿತ್ತು. ಅವಳು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಇನ್ನು ಇವತ್ತು ಮುಲಾಮು ಮುಟ್ಟಬಾರದು, ಇರುವುದನ್ನು ತೊಳೆದು ಮಲಗಿಸಿ, ತಲೆಸುತ್ತು ಬಂದರೆ ಕೂಡಲೇ ಕರೆತನ್ನಿ ಎಂದರು ಡಾಕ್ಟರಮ್ಮ. ತಲೆ ಸುತ್ತಲಿಲ್ಲ. ತಲೆ ತಗ್ಗಿತ್ತು, ಅಷ್ಟೆ. ಇಡೀ ಜೀವಮಾನ ‘ಹೋಗಲಿ’, ‘ಬಿಚ್ಚು’ ಎಂದು ತೀರ್ಪು ಕೊಟ್ಟವರು ಸುತ್ತಿಗೆಯ ಮೇಲೆ ಕೂತು ಮೆತ್ತಗಿದೆ ಎಂದಿದ್ದರು. ಅಂದು ಅವರು ಮನೆಯಲ್ಲಿ ಯಾರಿಗೂ ಏನೂ ಕಲಿಸಲಿಲ್ಲ. ಹೆಂಡತಿಗೆ ಗಾಬರಿಯಾಯಿತು.

ಜೋಮು ಇಳಿದು ನೋವು ಮರಳಿತು. ಮರುದಿನ ಬೆಳಿಗ್ಗೆ ಟಬ್ಬಿನಿಂದೆದ್ದವರು ಹೊಸ ಟ್ಯೂಬು ಚಾಚಿದ ಹೆಂಡತಿಯ ಕೈ ತಡೆದರು.

“ಈಗ ಬೇಡ. ಒಂದು ಕೆಲಸ ಇದೆ. ಬಂದು ಹಚ್ಕೋತೀನಿ.”

“ಹಚ್ಕೊಳ್ಳಿ ಅಂದಾಗ ಬೇಡ ಅಂದ್ರಿ. ಕಡಲೆಕಾಳಷ್ಟು ಅಂದಾಗ ಕುಂಬಳಕಾಯಷ್ಟು ಹಚ್ಚಿದ್ರಿ. ಈಗ ಮತ್ತೆ ಬೇಡ. ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋದು ನಿಮ್ಮನ್ನ ನೋಡೇ ಹೇಳಿದ್ದು ರೀ!”

“ಇರುವೆ ಆಗಿದ್ರೆ ಎಷ್ಟೋ ವಾಸಿಯಾಗಿತ್ತು” ಎನ್ನುತ್ತ ಮೇಷ್ಟ್ರು ಹೊರಟರು.

ಅಂಗಡಿಯಲ್ಲಿ ಮಗಳಿಗೆ ಬಾಗಿಲು ಓರೆ ಮಾಡಲು ಹೇಳಿದರು. ಮೊದಲ ಕುರ್ಚಿಗೆ ಬೆನ್ನು ಮಾಡಿ ನಿಂತರು. ಮೇಜನ್ನು ಒಂದು ಕೈಯಲ್ಲಿ, ಮಗಳ ಭುಜವನ್ನು ಇನ್ನೊಂದರಲ್ಲಿ ಹಿಡಿದು, ತಣ್ಣೀರಿಗಿಳಿಯುವವರ ಹಾಗೆ ಇಳಿದರು. ಅಂಚು ತಾಗಿತು, ತಡೆಯಬಹುದು. ಇನ್ನಷ್ಟು ಇಳಿದರು. ನಾರು ಬಗ್ಗಿತು, ಅದೂ ತಡೆಯಬಹುದು. ಆಮೇಲೆ ನಟ್ಟನಡುವೆ, ತಮ್ಮ ಮುದ್ರೆ, ತಮ್ಮ ಹೆಮ್ಮೆ, ಮುಖಕ್ಕೆ ಮೂಗಿನಂತಿದ್ದ ಆ ಗುಂಡಿ, ಡಾಕ್ಟರಮ್ಮ ಹೊಲಿದಿದ್ದ ಜಾಗವನ್ನು ವಿಳಾಸ ಕೇಳಿಕೊಂಡು ಬಂದಂತೆ ಹುಡುಕಿ ತಲುಪಿತು.

“ಅಮ್ಮಾ!”

ಡಾಕ್ಟರಮ್ಮ ಹೇಳಿದ್ದ ಮಾತೇ. ಅದು ಬಂದದ್ದು ಮಾತ್ರ ಬೇರೆ ಯಾರ ಬಾಯಿಂದಲೂ ಅಲ್ಲ.

ಮಗಳು ಎತ್ತಿ ನಿಲ್ಲಿಸಿದಳು. ಮೇಷ್ಟ್ರು ಮೇಜಿಗೆ ಎರಡೂ ಕೈಯೂರಿ ಬಹಳ ಹೊತ್ತು ಉಸಿರಾಡಿದರು.

“ಬಿಚ್ಚು.”

“ಈ ಕುರ್ಚೀನಾ?”

“ಗುಂಡಿ. ಎಲ್ಲದರದ್ದೂ.”

ಅವಳು ಕತ್ತರಿ ತೆಗೆದುಕೊಂಡಳು. ಆದರೆ ಕತ್ತರಿಸದೆ ನಿಂತಳು. “ನೀನೇ ಬಿಚ್ತೀಯಾ?”

ಮೇಷ್ಟ್ರು ಕತ್ತರಿ ಇಸಿದುಕೊಂಡು ಮೊದಲ ಗುಂಡಿಯ ದಾರ ತಾವೇ ಕತ್ತರಿಸಿದರು. ಗುಂಡಿ ಟಪ್ಪೆಂದು ಹಾರಿ ಎಲ್ಲೋ ನಾರಿನ ರಾಶಿಯಲ್ಲಿ ಬಿತ್ತು. ಯಾರೂ ಹುಡುಕಲಿಲ್ಲ.

ಗುಂಡಿಯಿಲ್ಲದೆ ನಾರು ಸರಿಯದಂತೆ ಹಿಡಿಯುವುದು ಹೇಗೆ ಎಂಬುದಕ್ಕೆ ಮಗಳ ಬಳಿ ಉತ್ತರವಿತ್ತು. ಬಟ್ಟೆ ಹೊದಿಸುವ ಮೊದಲೇ ನಾರನ್ನು ಅಡಿಯ ಗೋಣಿಬಟ್ಟೆಗೆ ಸೇರಿಸಿ ಒಳಗೊಳಗೇ ಹೊಲಿದುಬಿಟ್ಟರೆ ಮೇಲೆ ಏನೂ ಕಾಣದು, ಏನೂ ತಾಗದು. ಮೇಷ್ಟ್ರು ಅಂಗೈಯಿಂದ ಒತ್ತಿ ನೋಡಿದರು. ಟೀಕೆ ಮಾಡಲು ತಪ್ಪು ಸಿಗದೆ ಸೂಜಿಗೆ ದಾರ ಪೋಣಿಸಿಕೊಟ್ಟರು.

ಸಂಜೆಯ ಹೊತ್ತಿಗೆ ಸಾಲು ಮತ್ತೆ ಸಿದ್ಧವಾಯಿತು. ಈಗ ಯಾರಾದರೂ ಕೂರಬೇಕು. ಮೇಷ್ಟ್ರು ಕುರ್ಚಿಗಳನ್ನು ನೋಡಿದರು, ಬಾಗಿಲನ್ನು ನೋಡಿದರು, ಮತ್ತೆ ಕುರ್ಚಿಗಳನ್ನು ನೋಡಿದರು.

“ಹೂಂ. ಕೂರು.”

ಅವಳು ಜೇಬು ಖಾಲಿ ಮಾಡಿದಳು. ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಇಳಿದಳು. ಸ್ವಲ್ಪ ಎಡಕ್ಕೆ ವಾಲಿದಳು.

“ವಾಲೋದ್ಯಾಕೆ?”

“ನೀನು ವಾಲ್ತೀಯಲ್ಲ.”

“ಅದು ಬೇಡ” ಎಂದರು ಮೇಷ್ಟ್ರು. “ಅದು ಕಸುಬಲ್ಲ. ಕಾಯಿಲೆ.”

ಅವಳು ನೆಟ್ಟಗೆ ಕೂತಳು. ಅಪ್ಪನನ್ನು ಬೇಕೆಂದೇ ಕಾಯಿಸಿ, “ಹೋಗಲಿ” ಎಂದಳು. ಇನ್ನೊಂದಕ್ಕೆ ಹೋಗಲಿ, ಮತ್ತೊಂದಕ್ಕೆ ಹೋಗಲಿ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹುಬ್ಬು ಗಂಟಿಕ್ಕಿ, “ಬಿಚ್ಚು” ಅಂದಾಗ ಮೇಷ್ಟ್ರ ಬಾಯಲ್ಲಿ ಮೊಳೆಗಳಿದ್ದವು. ಉಗುಳಿ ವಾದಿಸಬಹುದಿತ್ತು. ಉಗುಳಲಿಲ್ಲ. ತಾವೇ ಬಿಚ್ಚಿದರು. ನಾರಿನೊಳಗೆ ಕಡಲೆಕಾಳಿನಷ್ಟು ಒಂದು ಗಂಟಿತ್ತು.

ಕೊಠಡಿ ತೆರೆದ ದಿನ ಮೇಷ್ಟ್ರು ಹೋದದ್ದು ಗಾಯ ತೋರಿಸಲು. ಹಾಗೆಂದು ಮನೆಯಲ್ಲಿ ಹೇಳಿದರು. ನಿಜಕ್ಕೂ ಹೋದದ್ದು ಯಾರಾದರೂ ‘ಅಮ್ಮಾ’ ಎನ್ನುತ್ತಾರೋ ಎಂದು ಕೇಳಲು. ಗೋಡೆಗಾತು ನಿಂತವರು ಅಂಜುತ್ತಂಜುತ್ತ ಕೂರುವರು, ಮುಖ ಹಿಂಡುವರು, ಏನೋ ಆಗಬೇಕಾಗಿದ್ದುದು ಆಗಲಿಲ್ಲವೆಂಬಂತೆ ಸುತ್ತ ನೋಡುವರು, ಆಮೇಲೆ ಬೆನ್ನು ಒರಗಿಸುವರು. ಯಾರೂ ಗಾದಿಯ ಕಡೆ ನೋಡಲೂ ಇಲ್ಲ. ಮೆಚ್ಚುಗೆಯ ಒಂದು ಮಾತೂ ಇಲ್ಲ. ಮೇಷ್ಟ್ರಿಗೆ ತಡೆಯಲಾಗದೆ, “ಕುರ್ಚಿ ಪರವಾಗಿಲ್ವಾ?” ಎಂದು ಒಬ್ಬರನ್ನು ಕೇಳಿದರೆ, “ಯಾವ ಕುರ್ಚಿ?” ಎಂದರು ಅವರು.

ಒಬ್ಬ ಮಾತ್ರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತೇ ಇದ್ದ. ಮೇಷ್ಟ್ರು ಹತ್ತಿರ ಹೋದರು. ಅವನು ಇನ್ನಷ್ಟು ಗೋಡೆಯೊಳಗೆ ಸರಿದ. ಕನ್ನಡಕದಂಗಡಿಯವನು.

“ಓಹೋ ಮೇಷ್ಟ್ರೇ!” ಎಂದ, ಸಿಕ್ಕಿಬಿದ್ದ ದನಿಯಲ್ಲಿ. “ನಾನು ಸುಮ್ನೆ... ಸ್ವಲ್ಪ ಹೊಟ್ಟೆನೋವು. ನೀವು ಬೆನ್ನು ತೋರಿಸೋಕೆ ಬಂದ್ರಾ?”

ಆ ಡಾಕ್ಟರಮ್ಮ ಹೊಟ್ಟೆಯನ್ನೂ ನೋಡುವುದಿಲ್ಲ, ಬೆನ್ನನ್ನೂ ನೋಡುವುದಿಲ್ಲ ಎಂದು ಹೊರಗಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿತ್ತು. ಮೇಷ್ಟ್ರಿಗೆ ಆ ಮರದ ಸ್ಟೂಲು ನೆನಪಾಯಿತು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಕೊಠಡಿಯಲ್ಲಿದ್ದವರೆಲ್ಲ ಕಿವಿ ನಿಮಿರಿಸಿದ್ದರು. ಮೇಷ್ಟ್ರು ಒಂದು ಕುರ್ಚಿಯನ್ನು ಅವನ ಬಳಿಗೆಳೆದು, ಅಂಗೈಯಿಂದ ಅದರ ನಡುಭಾಗ ತಟ್ಟಿದರು.

“ಕೂತ್ಕೊಳ್ಳಯ್ಯ. ಇದು ಬೆನ್ನಿಗೆ ಮಾಡಿದ ಕುರ್ಚಿ ಅಲ್ಲ. ನನ್ನ ಮಗಳು ಕೂತು ನೋಡಿದಾಳೆ.”